ಗಂಡು ಚಿಟ್ಟೆಯನ್ನು ಯಾರೂ ಅರೆದು ನೋಡುವುದಿಲ್ಲ

ಇದನ್ನು ಬರೆಯಬೇಕೆಂದು ಕೂತು ಹಾಗೆಯೇ ಎದ್ದುಹೋದದ್ದು ಎಷ್ಟು ಸಲವೋ ನೆನಪಿಲ್ಲ. ಕನ್ನಡಕ ಸಡಿಲವಾಗಿದೆ, ಪೆನ್ನು ಸರಿ ಇಲ್ಲ, ಮನೆಗೆ ಯಾರೋ ಬಂದರು ಎಂದು ಒಂದೊಂದು ಸಲ ಒಂದೊಂದು ನೆಪ. ಈಗ ಎಡಗಣ್ಣಿಗೆ ಬೆಳಕು ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಬಲಗಣ್ಣಿಗೆ ಅಕ್ಷರ ಕಾಣುತ್ತಿರುವಾಗಲೇ ಬರೆದು ಮುಗಿಸಬೇಕು.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಕೆಲಸ ಮಾಡಿದ್ದು ಕುದೂರು ಕಡೆಯ ಒಂದು ರೇಷ್ಮೆ ಬಿತ್ತನೆ ಕೋಠಿಯಲ್ಲಿ. ರೈತರಿಗೆ ರೇಷ್ಮೆ ಮೊಟ್ಟೆ ತಯಾರಿಸಿ ಕೊಡುವ ಜಾಗ ಅದು. ಹೆಣ್ಣು ಚಿಟ್ಟೆ ಮೊಟ್ಟೆ ಇಟ್ಟ ಮೇಲೆ ಆ ತಾಯಿ ಚಿಟ್ಟೆಯನ್ನು ಪುಟ್ಟ ಒರಳಿನಲ್ಲಿ ಹಾಕಿ, ಎರಡು ಹನಿ ಔಷಧಿ ನೀರು ಬಿಟ್ಟು ಅರೆದು, ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡುವುದು ನನ್ನ ಕೆಲಸ. ಗಂಟು ರೋಗದ ಕಣಗಳು ಹೊಳೆಯುವ ಅಕ್ಕಿಕಾಳಿನ ಹಾಗೆ ಕಾಣುತ್ತವೆ. ಕಂಡರೆ ಆ ತಾಯಿ ಇಟ್ಟ ಮೊಟ್ಟೆಗಳನ್ನೆಲ್ಲ ಸುಟ್ಟುಬಿಡಬೇಕು. ಆ ರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ. ಗಂಡು ಚಿಟ್ಟೆಗಳನ್ನು ಕೂಡಿಸಿದ ಮೇಲೆ ಬಿಸಾಡುತ್ತಿದ್ದೆವು, ಪರೀಕ್ಷೆ ಮಾಡುತ್ತಿರಲಿಲ್ಲ.

ನಾನು ಯಾವಾಗಲೂ ಬಲಗಣ್ಣಿನಲ್ಲೇ ನೋಡುತ್ತಿದ್ದೆ. ಎಡಗಣ್ಣು ಮೊದಲಿನಿಂದ ಸ್ವಲ್ಪ ಮಸುಕು. ಅದನ್ನು ಮುಚ್ಚಿಕೊಂಡು ಬಗ್ಗುತ್ತಿದ್ದೆ. ಮಸುಕು ಯಾಕೆ ಎಂದು ಯಾರನ್ನೂ ಕೇಳಲಿಲ್ಲ.

ಅವಳು ನನ್ನ ಒಬ್ಬನೇ ಮಗನ ಹೆಂಡತಿಯಾಗಿ ತಿಪ್ಪಸಂದ್ರದಿಂದ ಬಂದವಳು. ನಮ್ಮ ಮನೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದೂ ಹಾಗೆಯೇ, ತಿಪ್ಪಸಂದ್ರದೋಳು ಎಂದು. ನನ್ನ ಹೆಂಡತಿ ಬದುಕಿದ್ದಾಗ ಶುರು ಮಾಡಿದ್ದು, ಎಲ್ಲರ ಬಾಯಲ್ಲೂ ಉಳಿಯಿತು. ಮಗುವಾದ ಮೇಲೆ ಮಗೀನ ತಾಯಿ ಆದಳು. ನಾನಂತೂ ಎದುರಿಗಿದ್ದಾಗ 'ಏನಮ್ಮ' ಎನ್ನುತ್ತಿದ್ದೆ, ಅಷ್ಟೇ.

ಮದುವೆಯಾಗಿ ಬಂದ ಮೊದಲ ವಾರವೇ, ಮನೆ ಪಕ್ಕದಲ್ಲಿ ನಾವು ರೇಷ್ಮೆ ಸಾಕುತ್ತಿದ್ದ ಹುಳದ ಮನೆಗೆ ಬಂದಳು. ನಾನು ಕೊಯ್ದು ತಂದಿದ್ದ ಹಿಪ್ಪುನೇರಳೆ ಸೊಪ್ಪಿನ ಹೊರೆಯಿಂದ ಒಂದು ಎಲೆ ಎಳೆದು ಕೆನ್ನೆಗೆ ಒತ್ತಿಕೊಂಡಳು.

"ಮಾವ, ಇದು ಒದ್ದೆ ಐತೆ. ಒಸಿ ಆರ್ಲಿ, ಆಮೇಲೆ ಕೊಡಾನ."

"ಕೋಠಿಲಿ ಕೆಲ್ಸ ಮಾಡೋನಿಗೇ ಹೇಳ್ಕೊಡ್ತೀಯೇನಮ್ಮ?"

"ನೀವು ಸತ್ತ ಚಿಟ್ಟೆ ನೋಡೋರು ಮಾವ. ನಾನು ಬದುಕಿರೋ ಹುಳ ನೋಡೋಳು."

ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೂ ನಗು ಬಂತು. ಅವಳು ಹಾಗೆಯೇ. ಹುಳ ಜ್ವರಕ್ಕೆ ಕೂತಾಗ, ಎಂದರೆ ಪೊರೆ ಬಿಡಲು ಮೇವು ನಿಲ್ಲಿಸಿ ತಲೆಯೆತ್ತಿ ಕೂರುತ್ತವಲ್ಲ, ಆಗ ಹುಳದ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿಲ್ಲ. "ಬಾಣಂತಿ ಮನೆ ಇದ್ದಂಗೆ ಕಣ್ರಪ್ಪ" ಎನ್ನುತ್ತಿದ್ದಳು. ಗಂಡನನ್ನೂ ಬಿಡುತ್ತಿರಲಿಲ್ಲ. ಅವನು ಬೀಡಿ ಸೇದಿ ಬಂದರೆ ಬಾಗಿಲಲ್ಲೇ ನಿಲ್ಲಿಸಿ, "ಮಕ ತೊಳ್ಕಂಡ್ ಬನ್ನಿ, ನನ್ ಮಕ್ಳು ಕೆಮ್ತವೆ" ಎನ್ನುವಳು.

ಒಂದು ದಿನ ಕಾವು ಕೂತಿದ್ದ ಕೋಳಿಯ ಕೆಳಗಿನ ಮೊಟ್ಟೆಯೊಂದು ಒಡೆಯಿತು. ಅವಳು ಅದನ್ನು ಬಟ್ಟಲಿಗೆ ಸುರಿದುಕೊಂಡು ಜಗಲಿಗೆ ತಂದಳು. ಮೊಟ್ಟೆಯ ಹಳದಿ ಬಂಡಾರದ ಮೇಲೆ ಕೆಂಪು ಎಳೆಗಳ ನಡುವೆ ಏನೋ ಒಂದಿಷ್ಟು ಜೀವ. ಕಾಲು, ರೆಕ್ಕೆ ಇನ್ನೂ ಮೊಗ್ಗಿನಷ್ಟೇ. ಆದರೆ ಕಣ್ಣು ಮಾತ್ರ ಮೈಗಿಂತ ದೊಡ್ಡದು ಎನ್ನುವ ಹಾಗೆ, ಕಪ್ಪಗೆ. ಅವಳು ಕಡ್ಡಿಯಿಂದ ಮೆಲ್ಲಗೆ ಮಗುಚಿದಳು.

"ಆ ಕಡೆನೂ ಐತೆ ನೋಡಿ ಮಾವ. ಇನ್ನೂ ಕಾಲಿಲ್ಲ, ರೆಕ್ಕೆ ಇಲ್ಲ, ಕಣ್ಣು ಬಂದ್ಬುಟ್ಟವೆ. ನಮ್ಮುನ್ನ ನೋಡಕ್ಕೆ ಏನ್ ಅವಸ್ರ ಇದುಕ್ಕೆ!"

ಆಗ ಅವಳು ಬಸುರಿ, ಐದಾರು ತಿಂಗಳು.

ಹುಟ್ಟಿದ್ದು ಹೆಣ್ಣು ಮಗು. ಒಂದು ಕಣ್ಣು ಹುರುಳಿಕಾಳಿನಷ್ಟು, ರೆಪ್ಪೆಯ ಒಳಗೆಲ್ಲೋ ಹುದುಗಿಕೊಂಡಿತ್ತು. ಇನ್ನೊಂದು ಕಣ್ಣು ಸರಿಯಾದ ಅಳತೆಯದೇ, ಆದರೆ ಅದರ ಕಪ್ಪು ಗುಂಡಗಿರದೆ ಕೆಳಗೆ ಬೀಗದ ಕಿಂಡಿಯ ಹಾಗೆ ಇಳಿದಿತ್ತು. ಆ ಕಣ್ಣಲ್ಲಿ ಒಂದಿಷ್ಟು ಕಾಣುತ್ತದೆ, ಆ ಚಿಕ್ಕದರಲ್ಲಿ ಏನೂ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದರು. ಯಾಕೆ ಹೀಗಾಯಿತು ಎಂದು ಅವರೂ ಹೇಳಲಿಲ್ಲ.

ಹೆಸರಿಡುವ ದಿನ ಬೀಗರು ತಿಪ್ಪಸಂದ್ರದಿಂದ ಬಂದಿದ್ದರು. ಜಗಲಿಯ ಮೇಲೆ ಹತ್ತಾರು ಜನ. ನನ್ನ ಹೆಂಡತಿ ಬಾಯಿ ತೆಗೆದಳು.

"ಗ್ರಹಣದ ದಿನ ಕುಡ್ಲು ಹಿಡ್ಕಂಡು ಸೊಪ್ಪು ಕುಯ್ಯಕ್ಕೆ ಹೋಗಿದ್ಲು. ಬ್ಯಾಡ ಕಣೇ ಅಂದೆ, ಕೇಳಿದ್ಲಾ?"

"ಸುಮ್ಕಿರೇ," ಎಂದು ನಾನು ಗದರಿದೆ. "ಗ್ರಹಣಕ್ಕೂ ಕಣ್ಣಿಗೂ ಏನೇ ಸಂಬಂಧ? ಓದು ಬರಹ ಇಲ್ದೋರ್ ಮಾತು."

ಬಾಗಿಲ ಹಿಂದೆ ಮಗು ಎತ್ತಿಕೊಂಡು ಅವಳು ನಿಂತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು. ಇಡೀ ಮನೆಯಲ್ಲಿ ತನ್ನ ಪರ ಮಾತಾಡುವವನು ಒಬ್ಬನಾದರೂ ಇದ್ದಾನೆ ಎನ್ನುವ ನೋಟ ಅದು. ಅದನ್ನು ನಾನು ಕಂಡೆ.

ಆಮೇಲೆ ಅವಳ ಅಪ್ಪ ಕೇಳಿದರು. "ಮತ್ತೆ ಯಾತುಕ್ಕೆ ಹಿಂಗಾಯ್ತು ಬೀಗ್ರೇ? ನೀವು ಮೈಕ್ರೋಸ್ಕೋಪು ನೋಡೋರು, ನೀವೇ ಹೇಳ್ಬೇಕು."

ಅಷ್ಟು ಜನರ ಮುಂದೆ ನನ್ನ ಓದಿನ ಮಾತು ಬಂದಿತ್ತು. ನಾನು ಗಂಟಲು ಸರಿಮಾಡಿಕೊಂಡೆ.

"ಇದು ಬಿತ್ತನೆ ವಿಚಾರ ಬೀಗ್ರೇ. ತಾಯಿಲಿ ಇದ್ದದ್ದು ಮೊಟ್ಟೆಗಿಳೀತದೆ. ನಿಮ್ ಕಡೆ ಯಾರ್ಗಾದ್ರೂ ಹಿಂಗಿತ್ತಾ ಕೇಳ್ನೋಡಿ."

"ನಮ್ ಕಡೆ ಯಾರ್ಗೂ ಇಲ್ವಲ್ಲ."

"ಹೊರಗೆ ಕಾಣಾಕಿಲ್ಲ. ಒಳಗಿರ್ತದೆ."

"ಗಂಡಿನ ಕಡೆಯಿಂದ ಬರಾಕಿಲ್ವಾ?"

"ಗಂಡು ಚಿಟ್ಟೇನ ಯಾರೂ ಅರೆದು ನೋಡಾಕಿಲ್ಲ ಬೀಗ್ರೇ."

ಯಾರೋ ನಕ್ಕರು. ಬೀಗರು ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡರು. ಬಾಗಿಲ ಹಿಂದೆ ನೋಡಿದೆ, ಅವಳು ಅಲ್ಲಿರಲಿಲ್ಲ.

ಗ್ರಹಣ ಎಂದಿದ್ದರೆ ಜನ ನಾಲ್ಕು ದಿನ ಆಡಿಕೊಂಡು ಮರೆಯುತ್ತಿದ್ದರೇನೋ. ಒಂದು ದಿನದ ತಪ್ಪು ಆಗುತ್ತಿತ್ತು ಅದು. ನಾನು ಅವಳ ರಕ್ತವೇ ಸರಿಯಿಲ್ಲ ಎಂದುಬಿಟ್ಟೆ, ಅದೂ ವಿಜ್ಞಾನದ ಹೆಸರಿನಲ್ಲಿ. ಅವಳ ತಂಗಿಗೆ ಗೊತ್ತು ಮಾಡಿದ್ದ ಗಂಡು ಆ ಮಾತು ಕೇಳಿ ಹಿಂದೆ ಸರಿಯಿತು ಎಂದು ಆಮೇಲೆ ತಿಳಿಯಿತು.

ಮಗು ನಡೆಯಲು ಕಲಿತ ಮೇಲೆ ನೋಡಿದೆವು, ಅದಕ್ಕೆ ಎದುರಿಗಿನದು, ಕೆಳಗಿನದು ಕಾಣುತ್ತಿತ್ತು, ಮೇಲಿನದು ಕಾಣುತ್ತಿರಲಿಲ್ಲ. ತೂಗಿ ಬಿಟ್ಟಿದ್ದಕ್ಕೆಲ್ಲ ಹಣೆ ಬಡಿದುಕೊಳ್ಳುತ್ತಿತ್ತು. ಅವಳು ಯಾರಿಗೂ ಹೇಳದೆ ಒಂದೊಂದಾಗಿ ಎಲ್ಲ ತೆಗೆದಳು. ಮೊಸರು ಗಡಿಗೆಯ ನೆಲುವು ಹೋಯಿತು, ಬಟ್ಟೆ ಒಣಹಾಕುವ ಹಗ್ಗ ಹೋಯಿತು, ನಡುಮನೆಯಲ್ಲಿ ತೂಗುತ್ತಿದ್ದ ಲಾಟೀನಿನ ಕೊಕ್ಕೆಯನ್ನೂ ಕಿತ್ತಳು. ಹಿತ್ತಲಲ್ಲಿ ಬಾಗಿದ್ದ ಸೀಬೆ ಕೊಂಬೆಯನ್ನು ತಾನೇ ಮಚ್ಚು ಹಿಡಿದು ಕಡಿದಳು. ನಮ್ಮ ಮನೆಯ ಸೂರಿನ ಕೆಳಗೆ ಇವತ್ತಿಗೂ ಏನೂ ತೂಗುವುದಿಲ್ಲ.

ಮಗು ಮಾತು ಕಲಿತು ಓಡಾಡುವ ಹೊತ್ತಿಗೆ ಅವಳು ಮತ್ತೆ ಬಸುರಾದಳು.

ಇದನ್ನು ಬರೆಯುವುದಕ್ಕೇ ಇಷ್ಟು ವರ್ಷ ಹಿಡಿಯಿತು. ತೆಗೆಸಿಬಿಡಬೇಕು ಎಂದು ತೀರ್ಮಾನ ಮಾಡಿದವನು ನಾನು. ರೋಗದ ತಾಯಿ ಇಟ್ಟ ಮೊಟ್ಟೆ ಉಳಿಸಬಾರದು ಎಂದು ಮಗನಿಗೆ ಹೇಳಿದೆ. ಇದೇ ಮಾತಿನಲ್ಲಿ ಹೇಳಿದೆ. ಯಾವ ಡಾಕ್ಟರನ್ನೂ ಕೇಳಲಿಲ್ಲ. ಕೇಳುವುದೇನಿದೆ, ನನಗೇ ಗೊತ್ತಿದೆ ಎಂದುಕೊಂಡೆ.

ಅವಳು ಜಗಲಿಗೆ ಬಂದು ಕಂಬ ಹಿಡಿದು ನಿಂತಳು. ಕೈಯಲ್ಲಿ ಸೊಪ್ಪಿನ ಹಸಿರು ಅಂಟಿತ್ತು.

"ಮಾವ, ಕೋಳಿ ಮೊಟ್ಟೆ ಜ್ಞಾಪ್ಕ ಐತಾ? ಇಷ್ಟೊತ್ಗೆ ಇದುಕ್ಕೂ ಕಣ್ಣು ಬಂದಿರ್ತವೆ. ಹೆಂಗೇ ಬಂದಿರ್ಲಿ ಬುಡಿ. ನಾನು ನೋಡ್ಕತೀನಿ."

"ಒಂದುಕ್ಕೇ ಸಾಕಾಗಿಲ್ವೇನಮ್ಮ?"

ಅವಳು ಗಂಡನ ಕಡೆ ತಿರುಗಿದಳು. "ನೀವಾದ್ರೂ ಏನಾದ್ರೂ ಹೇಳ್ರೀ."

ಅವನು ನೆಲ ನೋಡುತ್ತ, "ಅಪ್ಪ ಹೇಳಿದ್ಮೇಲೆ..." ಎಂದ.

ಸೋಲೂರಿನಲ್ಲಿ ಬಸ್ಸು ಬದಲಾಯಿಸಿ ಹೆದ್ದಾರಿ ಕಡೆಯ ಒಂದು ನರ್ಸಿಂಗ್ ಹೋಮಿಗೆ ಹೋಗಿ ಬಂದೆವು. ವಾಪಸು ಬಂದವಳು ಸೀರೆ ಬದಲಾಯಿಸಿ ಹುಳದ ಮನೆಗೆ ಹೋದಳು. ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಗಿತ್ತು. ಮಲಕ್ಕೊಳ್ಳಮ್ಮ ಎಂದು ನನ್ನ ಹೆಂಡತಿ ಹೇಳಿದ್ದಕ್ಕೆ, "ಹಸ್ಕಂಡವೆ ಅತ್ತೆ" ಎಂದಳಂತೆ. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ನನ್ನೊಡನೆ ಮಾತು ಬಿಟ್ಟಳು ಎಂದೇನೂ ಅಲ್ಲ. ಊಟಕ್ಕೆ ಬನ್ನಿ, ಕಾಫಿ ಮಡಗಿದ್ದೀನಿ, ಸೊಪ್ಪು ಆರೈತೆ. ಇಷ್ಟು ಮಾತು ನಡೆಯುತ್ತಿತ್ತು. ನನ್ನನ್ನು ಚುಡಾಯಿಸುವುದು ನಿಂತಿತು.

ಮೊಮ್ಮಗಳು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಓದಿಯೇ ಮಾಗಡಿಯಲ್ಲಿ ಡಿಗ್ರಿ ಮುಗಿಸಿದಳು. ಈಗ ಅಂಗನವಾಡಿ ಟೀಚರು. ಮದುವೆಯ ಮಾತು ಬಂದಾಗ ಅವಳೇ ಹೇಳಿದಳು, "ನಂಗೆ ಯಾಕ್ ಹಿಂಗಾಯ್ತು ಅಂತ ಮೊದ್ಲು ತಿಳ್ಕಬೇಕು ತಾತ." ಊರಿಗೆ ಬಂದಿದ್ದ ಕಣ್ಣಿನ ಶಿಬಿರದವರು, ಬೆಂಗಳೂರಿನ ಆಸ್ಪತ್ರೆಗೆ ಮನೆಮಂದಿಯೆಲ್ಲ ಬನ್ನಿ ಎಂದಿದ್ದರು. ನಾಲ್ವರೂ ಹೋದೆವು. ನನ್ನ ಹೆಂಡತಿ ಅಷ್ಟರಲ್ಲಿ ತೀರಿಕೊಂಡಿದ್ದಳು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ನರ್ಸ್ ಯಾವುದೋ ಹೆಸರು ಕೂಗಿದರು. ಯಾರೂ ಏಳಲಿಲ್ಲ. ಎರಡನೇ ಸಲ ಕೂಗಿದಾಗ, ಯಾರಪ್ಪ ಅದು ಎಂದು ನಾನು ಸುತ್ತ ನೋಡಿದೆ. ನನ್ನ ಪಕ್ಕದಲ್ಲಿದ್ದ ನನ್ನ ಸೊಸೆ ಎದ್ದು ಒಳಗೆ ಹೋದಳು. ಮನೆಯಲ್ಲಿ ಯಾರೂ ಕೂಗದ ಹೆಸರು ಅವಳಿಗೂ ಥಟ್ಟನೆ ಹೊಳೆಯಲಿಲ್ಲವೇನೋ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸೊಸೆಯ ಕಣ್ಣು ನೋಡಿ, ಏನೂ ಇಲ್ಲ ಎಂದರು. ಮಗನ ಕಣ್ಣಿನ ಹಿಂಭಾಗದಲ್ಲಿ ಒಂದು ಸಣ್ಣ ಗುರುತಿದೆ ಎಂದರು. ಕೊನೆಗೆ ನನ್ನ ಗಲ್ಲವನ್ನು ಒಂದು ಯಂತ್ರದ ಮೇಲೆ ಇಡಿಸಿ, ಎಡಗಣ್ಣಿಗೆ ಬೆಳಕು ಬಿಟ್ಟು, ಬಹಳ ಹೊತ್ತು ನೋಡಿದರು. ಬೇರೆಯವರು ನನ್ನನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ್ದು ಅದೇ ಮೊದಲು.

"ತಾತ, ಈ ಕಣ್ಣು ಚಿಕ್ಕಂದಿನಿಂದ ಮಂಜಾ?"

"ಹೂಂ ಕಣಮ್ಮ."

"ಕಪ್ಪಿನ ಕೆಳಗೆ ಒಂದು ಸಣ್ಣ ಸೀಳಿದೆ. ನಿಮ್ಮ ಕಣ್ಣು ತುಂಬಾ ಕಪ್ಪಲ್ವಾ, ಅದಕ್ಕೆ ಯಾರಿಗೂ ಗೊತ್ತಾಗಿಲ್ಲ. ಮೊಮ್ಮಗಳಿಗೆ ಇರೋದೂ ಇದೇ. ಅವಳಿಗೆ ದೊಡ್ಡದಾಗಿ ಬಂದಿದೆ, ನಿಮಗೆ ಚಿಕ್ಕದಾಗಿ."

ಮೊಮ್ಮಗಳು ಬಿಡಿಸಿ ಹೇಳಿ ಎಂದಳು. ಡಾಕ್ಟರು ತಮ್ಮ ಅಂಗೈಯನ್ನೇ ತೋರಿಸಿ ಹೇಳಿದರು. ಹೊಟ್ಟೆಯಲ್ಲಿ ಮಗು ಅವರೆಕಾಳಿನಷ್ಟೂ ಇಲ್ಲದಾಗ ಮಿದುಳಿನ ಎರಡು ಪಕ್ಕದಿಂದ ಎರಡು ಗುಳ್ಳೆ ಹೊರಗೆ ಬರುತ್ತವಂತೆ. ಮೆತ್ತನೆ ರಬ್ಬರ್ ಚೆಂಡನ್ನು ಬೆರಳಲ್ಲಿ ಒತ್ತಿದ ಹಾಗೆ ಅದರ ಮುಂಭಾಗ ಒಳಗೆ ಹೋಗಿ ಬಟ್ಟಲಾಗುತ್ತದೆ. ಆ ಬಟ್ಟಲು ಹತ್ತಿರ ಬಂದಾಗ ಎದುರಿನ ಚರ್ಮ ದಪ್ಪಗಾಗಿ, ಒಳಗೆ ಕುಸಿದು, ಕಣ್ಣಿನ ಮಸೂರವಾಗುತ್ತದೆ. ಬಟ್ಟಲಿನ ಕೆಳಗೆ ಒಂದು ಸೀಳು ಇರುತ್ತದೆ, ರಕ್ತನಾಳ ಒಳಗೆ ಹೋಗುವುದಕ್ಕೆ. ಆಮೇಲೆ ಆ ಸೀಳಿನ ಎರಡು ಅಂಚೂ ಬಂದು ಕೂಡಿಕೊಳ್ಳಬೇಕು. ಎಲ್ಲಿ ಕಣ್ಣಾಗಬೇಕು, ಯಾವಾಗ ಮಡಚಬೇಕು, ಯಾವಾಗ ಸೀಳು ಮುಚ್ಚಬೇಕು ಎಂದು ಹೇಳುವುದು ಜೀನ್‌ಗಳು. ಮೇಸ್ತ್ರಿಗಳಿದ್ದ ಹಾಗೆ, ಒಬ್ಬ ಮೇಸ್ತ್ರಿ ಹೇಳಿದ ಮೇಲೆ ಇನ್ನೊಬ್ಬನ ಕೆಲಸ ಶುರು. ಮೀನಿಗೂ ಕಪ್ಪೆಗೂ ಕೋಳಿಗೂ ಮನುಷ್ಯನಿಗೂ ಹೆಚ್ಚುಕಡಿಮೆ ಅವರೇ ಮೇಸ್ತ್ರಿಗಳು, ಅದೇ ಕೆಲಸ.

"ನಿಮ್ಮ ಮನೆಯಲ್ಲಿ ಸೀಳು ಮುಚ್ಚೋ ಕೆಲಸ ಅರ್ಧಕ್ಕೆ ನಿಂತಿದೆ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ ಬರುತ್ತೆ. ಒಂದು ಕೆಟ್ಟಿದ್ದರೂ ಸಾಕು. ಇದು ತಾತನಿಂದ ಅಪ್ಪನಿಗೆ, ಅಪ್ಪನಿಂದ ನಿಮಗೆ ಬಂದಿರೋ ಹಾಗಿದೆ. ರಕ್ತ ಪರೀಕ್ಷೆ ಮಾಡಿದರೆ ಗ್ಯಾರಂಟಿ ಆಗುತ್ತೆ."

ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ಮೆಲ್ಲಗೆ ಕೇಳಿದಳು. "ಮೇಡಂ, ಐದಾರ್ ತಿಂಗ್ಳ ಬಸ್ರಿ ಆಗಿದ್ದಾಗ ಗ್ರಹಣದಾಗೆ ಸೊಪ್ಪು ಕುಯ್ದಿದ್ದೆ. ಅದುಕ್ಕೇನಾದ್ರೂ..."

"ಇಲ್ಲಮ್ಮ. ಆ ಸೀಳು ಮುಚ್ಚಬೇಕಾಗಿದ್ದು ಎರಡನೇ ತಿಂಗಳು ಮುಗಿಯೋದರೊಳಗೆ. ಆಮೇಲೆ ನೀವು ಏನು ಮಾಡಿದ್ದರೂ, ಬಿಟ್ಟಿದ್ದರೂ ಅಷ್ಟೇ."

"ಎಲ್ಲಾ ಮಕ್ಕಳ್ಗೂ ಹಿಂಗೇ ಆಯ್ತದಾ?"

ನಾನು ಅವಳ ಮುಖ ನೋಡಲಿಲ್ಲ.

"ಇಲ್ಲ. ಪ್ರತಿ ಮಗುವಿಗೂ ಅರ್ಧಕ್ಕರ್ಧ. ಬರದೇನೂ ಇರಬಹುದು. ಬಂದರೂ ತಾತನ ಥರ ಗೊತ್ತೇ ಆಗದಷ್ಟು ಇರಬಹುದು."

ಕಣ್ಣಿಗೆ ಹಾಕಿದ್ದ ಔಷಧಿ ನನ್ನ ಕೆನ್ನೆಯ ಮೇಲೆ ಇಳಿಯುತ್ತಿತ್ತು. ಡಾಕ್ಟರು ಹತ್ತಿ ಕೊಟ್ಟು, "ಬೇಜಾರು ಮಾಡ್ಕೋಬೇಡಿ ತಾತ, ಇದು ಯಾರ ತಪ್ಪೂ ಅಲ್ಲ" ಎಂದರು. ಸೀಳಿನ ಬಗ್ಗೆ ಹೇಳಿದ್ದು ಅವರು. ಉಳಿದದ್ದು ಅವರಿಗೆ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕ ಜಾಗ ಕೊಟ್ಟು ಅವಳು ಈಚೆ ಕೂತಳು. ಮಗ, ಮೊಮ್ಮಗಳು ಹಿಂದಿನ ಸೀಟಿನಲ್ಲಿ. ಮಾಗಡಿ ದಾಟಿದ ಮೇಲೆ ನಾನು, "ನಿನ್ ಹತ್ರ ಒಂದ್ ಮಾತು..." ಎಂದೆ.

"ಈಗ ಬ್ಯಾಡಿ ಮಾವ. ಜನ ಅವ್ರೆ."

ನನ್ನ ಮರ್ಯಾದೆ ಉಳಿಸಲು ಹೇಳಿದ ಮಾತು ಅದು. ನಾನು ಅದರೊಳಗೆ ಬಚ್ಚಿಟ್ಟುಕೊಂಡೆ. ಮನೆಯಲ್ಲಿ ಜನ ಇರದ ಹೊತ್ತು ಬೇಕಾದಷ್ಟು ಸಿಕ್ಕಿತು. ನಾನು ಮಾತೆತ್ತಲಿಲ್ಲ. ಆಮೇಲೆ ರಕ್ತದ ರಿಪೋರ್ಟು ಮೊಮ್ಮಗಳ ಫೋನಿಗೆ ಬಂತು. "ತಾತಂದು ಐತೆ, ಅಪ್ಪಂದು ಐತೆ, ನಂದು ಐತೆ. ಅವ್ವಂದು ಇಲ್ಲ" ಎಂದು ಓದಿದಳು. ಸೊಸೆ ಒಲೆಯ ಮುಂದೆ ರಾಗಿ ಮುದ್ದೆ ತಿರುವುತ್ತಿದ್ದಳು. ಕೋಲು ಒಂದು ಗಳಿಗೆ ನಿಂತು ಮತ್ತೆ ತಿರುಗಿತು.

ಆ ಎಡಗಣ್ಣಿನಲ್ಲಿ ಪೊರೆ ಬಂದಿದೆ, ಒತ್ತಡವೂ ಇದೆ ಎಂದು ಆಪರೇಷನ್ ಮಾಡಿದರು. ಅದರಿಂದ ಅಷ್ಟಾಗಿ ಗುಣ ಕಾಣಲಿಲ್ಲ. ದಿನಾ ಹನಿ ಔಷಧಿ ಬಿಡಬೇಕು ಎಂದರು. ನನ್ನ ಕೈ ನಡುಗುತ್ತದೆ. ಬಿಡುವ ಕೆಲಸ ಅವಳದಾಯಿತು. ಜಗಲಿಯಲ್ಲಿ ತಲೆ ಹಿಂದಕ್ಕೆ ಹಾಕಿ ಕೂರುತ್ತಿದ್ದೆ. "ಮೇಲ್ಕ್ ನೋಡಿ ಮಾವ" ಎನ್ನುತ್ತಿದ್ದಳು. ಮೇಲೆ ನೋಡಿದರೆ ಏನೂ ತೂಗದ ಬರೀ ಸೂರು. ಅವಳ ಬೆರಳು ನನ್ನ ರೆಪ್ಪೆಯನ್ನು ಕೆಳಗೆ ಎಳೆದು ಹಿಡಿದಿರುತ್ತಿತ್ತು. ಬಾಯಿ ಬಿಟ್ಟರೆ ಸಾಕಿತ್ತು. ಪ್ರತಿ ದಿನ ಸಿಕ್ಕುತ್ತಿದ್ದ ಅವಕಾಶ.

ಒಂದು ಬೆಳಿಗ್ಗೆ ಬಿಸಿಲು ನೇರ ಜಗಲಿಗೆ ಬಿದ್ದಿತ್ತು. ಅವಳು ಸೀಸೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ಬಗ್ಗಿ, ನನ್ನ ಕಣ್ಣನ್ನು ನೋಡತೊಡಗಿದಳು. ಎಲೆಯ ಮೇಲೆ ಹುಳ ನೋಡುವ ಹಾಗೆ.

"ಕಾಣ್ತದೆ ಮಾವ. ಕೆಳಗೆ. ಒಂದ್ ಹೊಲಿಗೆ ಬುಟ್ಟೋಗಿರಂಗೆ ಐತೆ."

ಅವಳ ಬೆರಳು ರೆಪ್ಪೆಯ ಮೇಲೇ ಇತ್ತು.

"ಇಷ್ಟುಕ್ಕೇನಾ ಮಾವ?"

ಅಷ್ಟೇ ಕೇಳಿದ್ದು. ದನಿ ಏರಿಸಲಿಲ್ಲ. ನಾನು ಕಣ್ಣು ಮುಚ್ಚಿಬಿಟ್ಟೆ. ಹನಿ ರೆಪ್ಪೆಯ ಮೇಲೆ ಬಿದ್ದು ಕಿವಿಯ ಕಡೆಗೆ ಹರಿಯಿತು. ಅವಳು ಸೆರಗಿನ ತುದಿಯಿಂದ ಒರೆಸಿ, "ಹೊರಗೆ ಬಿತ್ತು, ಇನ್ನೊಂದ್ ಬುಡ್ತೀನಿ, ಕಣ್ ಬುಡಿ" ಎಂದಳು. ನಾನು ಕಣ್ಣು ಬಿಟ್ಟೆ. ಬಾಯಿ ಬಿಡಲಾಗಲಿಲ್ಲ.

ಅವಳು ಹೋದದ್ದು ಹುಳದ ಮನೆಯಲ್ಲೇ. ಸೊಪ್ಪು ಹಾಕುತ್ತಾ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲ. ಕುದೂರು ಆಸ್ಪತ್ರೆ ಮುಟ್ಟುವ ಮುಂಚೆಯೇ ಮುಗಿದಿತ್ತು. ಹುಳ ಮೂರನೇ ಜ್ವರ ಬಿಟ್ಟು ಎದ್ದಿದ್ದವು. ಮಣ್ಣಿಗೆ ಬಂದ ನೆಂಟರೇ ಸೊಪ್ಪು ಕೊಯ್ದು ತಂದು ಹಾಕಿದರು. ನಾನೂ ಒಂದು ಹಿಡಿ ತೆಗೆದುಕೊಂಡು ಕೆನ್ನೆಗೆ ಒತ್ತಿ ನೋಡಿದೆ. ಒದ್ದೆಯಾಗಿದೆಯೋ ಆರಿದೆಯೋ ನನಗೆ ಗೊತ್ತಾಗಲಿಲ್ಲ. ನನ್ನ ಕೆನ್ನೆಯೇ ಒದ್ದೆಯಾಗಿತ್ತು.

ಈಗ ಔಷಧಿ ಬಿಡುವವಳು ಮೊಮ್ಮಗಳು. ಅವಳಿಗೆ ಹನಿ ಕಾಣುವುದಿಲ್ಲ. ಮುಖವನ್ನು ನನ್ನ ಮುಖಕ್ಕೆ ತಾಗುವಷ್ಟು ಹತ್ತಿರ ತಂದು, ಬೆರಳಿನಲ್ಲಿ ರೆಪ್ಪೆ ಹುಡುಕಿಕೊಂಡು, ಸೀಸೆ ಒತ್ತಿ, "ಬಿತ್ತಾ ತಾತ?" ಎಂದು ಕೇಳುತ್ತಾಳೆ. ಮೊನ್ನೆ ತನ್ನ ಅವ್ವನ ವರ್ಷದ ಎಡೆ ಇಟ್ಟ ದಿನ, ಪಾತ್ರೆ ತೊಳೆಯುತ್ತಾ ಹೇಳಿದಳು.

"ಅವ್ವ ಒಬ್ಳೇ ಎಲ್ಲಾ ಮಾಡ್ತಿದ್ಲು. ನಂಗೊಬ್ಳು ತಂಗಿನಾದ್ರೂ ಇರ್ಬೇಕಾಗಿತ್ತು ತಾತ."

ಅವಳಿಗೆ ಗೊತ್ತಿಲ್ಲ ಎಂದು ಆಗ ನನಗೆ ತಿಳಿಯಿತು. ಇಷ್ಟು ವರ್ಷ ತಾಯಿ ಮಗಳು ಒಂದೇ ಚಾಪೆಯ ಮೇಲೆ ಮಲಗಿದ್ದಾರೆ. ಎಲ್ಲ ಮಾತೂ ಆಡಿಕೊಂಡಿದ್ದಾರೆ. ಇದೊಂದನ್ನು ತಾಯಿ ಹೇಳಿರಲಿಲ್ಲ. ನಾನು ಆ ಮನೆಯಲ್ಲಿ ತಾತನಾಗಿ ಉಳಿದದ್ದು ಹಾಗೆ.

ಮಗಾ, ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ಅಚ್ಚಾದದ್ದನ್ನೆಲ್ಲ ನೀನು ಮೂಗಿನ ಹತ್ತಿರ ಹಿಡಿದು ಓದುತ್ತೀಯ, ಇದನ್ನೂ ಓದುತ್ತೀಯ. ನಿನಗೆ ಇರಬೇಕಾಗಿದ್ದ ತಂಗಿಯೋ ತಮ್ಮನೋ ಯಾಕಿಲ್ಲ ಎಂದು ಈಗ ನಿನಗೆ ಗೊತ್ತಾಯಿತು. ಮುಖಾಮುಖಿ ಹೇಳುವ ಧೈರ್ಯ ನಿನ್ನ ಮುಂದೆಯೂ ನನಗಿಲ್ಲ. ಇದನ್ನು ಓದಿದ ಮಾರನೇ ದಿನ ಔಷಧಿ ಬಿಡಲು ಬರುತ್ತೀಯೋ ಇಲ್ಲವೋ, ನಾನು ಕೇಳುವ ಹಾಗಿಲ್ಲ. ಜಗಲಿಯಲ್ಲಿ ಕೂತಿರುತ್ತೇನೆ.

ಆಸ್ಪತ್ರೆಯಲ್ಲಿ ಅವತ್ತು ಎರಡು ಸಲ ಕೂಗಿದ ಹೆಸರು ನೆನಪಿದೆ. ಈ ಮನೆಯಲ್ಲಿ ಅದನ್ನು ನಾನು ಒಮ್ಮೆಯೂ ಬಾಯಿ ಬಿಟ್ಟು ಕರೆಯಲಿಲ್ಲ. ನಾನು ಕ್ಷಮೆ ಕೇಳಬೇಕಾಗಿದ್ದವಳ ಹೆಸರು ಕೆಂಪಮ್ಮ.